ಆರು ಲೋಟ, ಒಂದು ಉಸಿರು

ಭಾನುವಾರ, ಮಧ್ಯಾಹ್ನ ಎರಡೂವರೆ
ಹಾಸ್ಟೆಲ್, ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ

ಪ್ರೀತಿಯ ಅಮ್ಮಾ,

ಇವತ್ತು ತಿಂಡಿಗೂ ಊಟಕ್ಕೂ ನಡುವೆ ನಾನು ನಿನ್ನನ್ನು ಹತ್ತು ಸಲ ಕೊಂದೆ.

ಗಾಬರಿ ಆಗಬೇಡ. ಅಲ್ಲ, ಆಗು. ನಾನೊಬ್ಬಳೇ ಯಾಕೆ ಆಗಬೇಕು? ಕನ್ನಡದಲ್ಲಿ ಇಷ್ಟುದ್ದ ಬರೆದು ವರ್ಷಗಳಾದವು. ಹಾಸ್ಟೆಲ್ ಸ್ಕೂಲಿನಲ್ಲಿ ಬರೆಸಿದ್ದೆಲ್ಲ ಇಂಗ್ಲಿಷೇ, ಹಾಗಾಗಿ ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಇದೊಂದು ಸಲ ಬಿಟ್ಟುಬಿಡು. ಫೋನ್ ಇರುವಾಗ ಪತ್ರ ಯಾಕೆ ಅಂತ ಅಂದುಕೊಳ್ತೀಯ. ಓದ್ತಾ ಹೋಗು, ಗೊತ್ತಾಗುತ್ತೆ. ಉತ್ತರಾನೂ ಪೆನ್ನಿನಲ್ಲೇ ಬರಿ. ಟೈಪ್ ಮಾಡಿದ್ದು ಬೇಡ. ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ. ಸಾಲು ಮುಗಿದಮೇಲೂ ಬಾಲ ಎಳೆದುಕೊಂಡು ಹೋಗೋ ನಿನ್ನ ಆ ಅಕ್ಷರ ನನಗೆ ಕಾಗದದ ಮೇಲೆ ಕಾಣಬೇಕು.

ಮೊದಲಿಂದ ಹೇಳ್ತೀನಿ.

ನನ್ನ ರೂಮ್‌ಮೇಟ್ ಗೊತ್ತಲ್ಲ, ಮಾತು ಮಾತಿಗೂ ಪಾಯಿಂಟ್ ಏನಪ್ಪಾ ಅಂದ್ರೆ ಅಂತ ಶುರು ಮಾಡೋಳು. ಅದಕ್ಕೇ ಇಡೀ ಬ್ಲಾಕ್ ಅವಳನ್ನ ಪಾಯಿಂಟು ಅಂತ ಕರೆಯೋದು. ಒಂದು ವಾರದಿಂದ ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಹಾರರ್ ಗೇಮ್ ಓಡ್ತಿದೆ. ಹೆಸರು ‘ಆರು ಲೋಟ’. ದೊಡ್ಡ ಕಂಪನಿಯದಲ್ಲ. ಚಿತ್ರ, ಕೋಡು, ಸೌಂಡು ಎಲ್ಲಾ ಯಾರೋ ಒಬ್ಬನೇ ರೂಮಿನಲ್ಲಿ ಕೂತು ಮಾಡಿ ನೆಟ್ಟಿನಲ್ಲಿ ಫ್ರೀಯಾಗಿ ಬಿಟ್ಟಿದ್ದಾನಂತೆ. ಕನ್ನಡದಲ್ಲೇ ಮಾತಾಡಿಸಿ ಸಾಯಿಸುತ್ತೆ ಅಂತ ಕಾರಿಡಾರಿನವರಿಗೆಲ್ಲ ಅದರ ಹುಚ್ಚು. ನಾನು ಮಾತ್ರ ಅತ್ತ ತಲೆ ಹಾಕಿರಲಿಲ್ಲ. ಬಲೂನ್ ಒಡೆದರೂ ಕಿವಿ ಮುಚ್ಚಿಕೊಳ್ಳೋ ನಿನ್ನ ಪುಕ್ಕಲಿ ನಾನು. ಅವರು ಆಡೋವಾಗ ಇಯರ್‌ಫೋನ್ ತುರುಕಿಕೊಂಡು ಗೋಡೆ ಕಡೆ ತಿರುಗಿ ಓದ್ತಿದ್ದೆ.

ಇವತ್ತು ಬೆಳಿಗ್ಗೆ ಇಯರ್‌ಫೋನ್ ಒಂದು ಕಿವಿ ಸತ್ತುಹೋಯ್ತು. ಪಾಯಿಂಟು ಕೈ ಹಿಡಿದು ಎಳೆದಳು. ಬಾರೇ, ಹಗಲು ಹೊತ್ತು ದೆವ್ವಕ್ಕೂ ರಜೆ, ಅದೂ ಭಾನುವಾರ ಬೇರೆ ಅಂದಳು. ಕಿಟಕಿಗೆ ಒದ್ದೆ ಟವೆಲ್ ಹಾಕಿ ಬೆಳಕು ಮರೆ ಮಾಡಿದ್ದರು. ನಾಲ್ಕು ಜನ ಒಂದೇ ಮಂಚದ ಮೇಲೆ. ನಾನು ಐದನೆಯವಳು, ಅಂಚಿನಲ್ಲಿ, ಓಡಿಹೋಗೋಕೆ ಅನುಕೂಲ ಆಗೋ ಹಾಗೆ.

ಆಟ ಏನು ಅಂದರೆ, ಒಂದು ರೂಮು, ಒಂದು ಬಲ್ಬು, ಒಂದು ಮೇಜು. ಮೇಜಿನ ಮೇಲೆ ಆರು ಸ್ಟೀಲ್ ಲೋಟ, ಎಲ್ಲದರಲ್ಲೂ ಹಾಲು. ಒಂದರಲ್ಲಿ ಮಾತ್ರ ವಿಷ. ಎದುರಿಗೆ ಒಬ್ಬ ಹೆಂಗಸು ಕೂತಿರ್ತಾಳೆ, ಮುಖದ ಮೇಲೆ ಬಟ್ಟೆ, ಕೈ ಮಾತ್ರ ಕಾಣುತ್ತೆ. ಹುಡುಗಿಯರು ಅವಳಿಗೆ ಯಜಮಾನಿ ಅಂತ ಹೆಸರಿಟ್ಟಿದ್ದಾರೆ. ನಿನ್ನ ಸರದಿ ಬಂದಾಗ ಒಂದು ಲೋಟ ಮುಟ್ಟಿ ಇದರಲ್ಲಿ ಇದೆಯಾ ಅಂತ ಕೇಳಬಹುದು. ಅವಳು ಇದೆ ಅಂತಾಳೆ, ಇಲ್ಲ ಅಂತಾಳೆ. ನಿಜಾನೂ ಹೇಳ್ತಾಳೆ, ಸುಳ್ಳೂ ಹೇಳ್ತಾಳೆ, ಅವಳಿಷ್ಟ. ಆಮೇಲೆ ನೀನೇ ಕುಡಿಯಬೇಕು, ಇಲ್ಲಾ ಅವಳ ಕಡೆ ತಳ್ಳಬೇಕು. ತಳ್ಳಿದರೆ ಅವಳು ಕುಡೀತಾಳೆ. ಯಾರು ಸಾಯ್ತಾರೋ ಅವರು ಸೋತರು. ಅಷ್ಟೇ ಆಟ. ಎಲ್ಲಾ ಲಕ್ಕು, ತಲೆ ಓಡಿಸೋಕೆ ಏನೂ ಇಲ್ಲ ಅಂತ ಪಾಯಿಂಟು ಹೇಳ್ತಿದ್ದಳು. ಅವಳು ವಾರದಲ್ಲಿ ಅರವತ್ತು ಸಲ ಸತ್ತಿದ್ದಳು.

ಪಾಯಿಂಟು ಮೌಸ್ ಹಿಡಿದು ಯಾವ ಲೋಟ ಅಂತ ಯೋಚನೆ ಮಾಡ್ತಾ ಕೂತಳು. ಅಷ್ಟರಲ್ಲಿ ಯಜಮಾನಿ ಮಾತಾಡಿದಳು.

ಊದಿಕೊಂಡು ಕುಡಿ, ಆರಿಹೋಗುತ್ತೆ.

ಅಮ್ಮಾ, ಊದಿದರೆ ತಾನೇ ಆರೋದು? ಆರಿಹೋಗುತ್ತೆ ಅನ್ನೋರು ಊದು ಅಂತ ಯಾಕೆ ಹೇಳಬೇಕು? ಆರನೇ ವಯಸ್ಸಿನಿಂದ ಈ ವಿಷಯಕ್ಕೆ ನಿನ್ನ ಹತ್ತಿರ ಜಗಳ ಆಡ್ತಾ ಬಂದಿದ್ದೀನಿ. ಲಾಜಿಕ್ಕೇ ಇಲ್ಲದ ಈ ಮಾತನ್ನ ಇಡೀ ಪ್ರಪಂಚದಲ್ಲಿ ಹೇಳೋಳು ನೀನೊಬ್ಬಳೇ. ಧ್ವನಿಯೂ ನಿನ್ನದೇ.

ಮೊದಲು ನನಗೆ ನಗು ಬಂತು. ನಿಜವಾಗ್ಲೂ. ಆಮೇಲೆ ಪಾಯಿಂಟು ತಪ್ಪು ಲೋಟ ಕುಡಿದಳು, ಸ್ಕ್ರೀನ್ ಪೂರ್ತಿ ಹಾಲಿನ ಹಾಗೆ ಬಿಳಿ ಆಯ್ತು, ಆ ಬಿಳಿಯೊಳಗಿಂದ ನಿನ್ನ ಧ್ವನಿ ಮೆತ್ತಗೆ, ಮಲಗು, ಸಾಕು ಅಂತು. ಹುಡುಗಿಯರು ಕಿರುಚಿ ನಕ್ಕರು. ಈ ಮುದುಕಿ ಮಲಗು ಅಂದಾಗಲೇ ನನಗೆ ಜೀವ ಹೋಗುತ್ತೆ ಕಣ್ರೇ ಅಂತ ಒಬ್ಬಳು ಅಂದಳು. ಮುದುಕಿ ಅನ್ನಬೇಡ, ಅವಳಿಗಿನ್ನೂ ನಲವತ್ತಾರು ಅಂತ ನನ್ನ ಬಾಯಿಗೇ ಬಂದಿತ್ತು. ಹಲ್ಲು ಕಚ್ಚಿಕೊಂಡೆ.

ನಿನಗೆ ಇದು ಅರ್ಥ ಆಗುತ್ತೋ ಇಲ್ಲವೋ. ಬೇರೆ ಮಕ್ಕಳಿಗೆ ಅಮ್ಮ ಅಂದರೆ ಮುಖ, ಕೈ, ಸೀರೆ ವಾಸನೆ. ಆರು ವರ್ಷಕ್ಕೇ ಹಾಸ್ಟೆಲಿಗೆ ಹೋದ ನನಗೆ ನೀನು ಅಂದರೆ ಭಾನುವಾರದ ಫೋನು. ಆ ಸ್ಕೂಲಿನ ವಾರ್ಡನ್ ಮರಳು ಗಡಿಯಾರ ತಿರುಗಿಸಿ ಇಟ್ಟು ಎದುರಿಗೇ ನಿಲ್ಲೋರು. ಮರಳು ಬೀಳೋದು ನೋಡ್ತಾ ನಿನ್ನ ಮಾತು ಕೇಳ್ತಿದ್ದೆ. ನನಗೆ ಮೊದಲು ಧ್ವನಿ, ಮುಖ ಆಮೇಲೆ.

ನಾನು ಆರನೇ ಕ್ಲಾಸಿನಲ್ಲಿ ಓಡಿಬಂದಿದ್ದು ನೆನಪಿದೆಯಾ? ನಿನಗೆ ಜ್ವರ ಅಂತ ಫೋನಲ್ಲಿ ಗೊತ್ತಾಯ್ತು, ಮಾರನೆ ದಿನ ಗೇಟು ದಾಟಿ ಬಸ್ಸು ಹತ್ತಿಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸ್ಪೀಕರಿನಲ್ಲಿ ನೀನು! ದಯವಿಟ್ಟು ಗಮನಿಸೀ ಅಂತ ರಾಗ ಎಳೀತಾ ಪ್ಲಾಟ್‌ಫಾರಂ ನಂಬರ್ ಹೇಳ್ತಿದ್ದೆ, ಜ್ವರದಲ್ಲೂ. ಗಾಜಿನ ಕ್ಯಾಬಿನ್ನಿಗೆ ಮೂಗು ಒತ್ತಿ ನಿಂತೆ. ಮೈಕಿಗೆ ಕರ್ಚೀಫು ಸುತ್ತಿತ್ತು. ನೀನು ನನ್ನ ನೋಡಿದೆ, ಕಣ್ಣು ಇಷ್ಟಗಲ ಆಯ್ತು, ಆದರೂ ಇನ್ನೂ ಮೂರು ಬಸ್ಸು ಹೇಳಿ ಮುಗಿಸೇ ಎದ್ದುಬಂದೆ. ಬಂದು ಮೊದಲು ಒಂದು ಏಟು, ಆಮೇಲೆ ಅಪ್ಪಿಕೊಂಡಿದ್ದು. ಇನ್ನುಮೇಲೆ ನನಗೆ ಏನಾದರೂ ಆದರೆ ನಿನಗೆ ಹೇಳೋದೇ ಇಲ್ಲ ನೋಡು, ಬಸ್ಸು ಹತ್ತಿಬಿಡ್ತೀಯ ಅಂದಿದ್ದೆ.

ಆ ಮಾತು ಇವತ್ತು ಜ್ಞಾಪಕ ಬಂತು.

ನಾನು ಆಡ್ತೀನಿ ಕೊಡು ಅಂದೆ. ಎಲ್ಲರೂ ನನ್ನ ಮುಖ ನೋಡಿದರು.

ಮೊದಲನೇ ಲೋಟ ಮುಟ್ಟಿ ಕೇಳಿದೆ. ಯಜಮಾನಿ ಇಲ್ಲ ಅಂದಳು. ಆದರೆ ಆ ಇಲ್ಲಕ್ಕೆ ಮುಂಚೆ, ಸಣ್ಣದಾಗಿ, ಮೂಗಿನಲ್ಲಿ ಒಂದು ಉಸಿರು ಒಳಗೆ ಹೋಯ್ತು. ಬೇರೆ ಯಾರಿಗೂ ಅದು ಕೇಳಿಸಲ್ಲ ಅಮ್ಮಾ. ನನಗೆ ಕೇಳಿಸುತ್ತೆ. ಸುಳ್ಳು ಹೇಳೋ ಮುಂಚೆ ನೀನು ಯಾವಾಗಲೂ ಹಾಗೆ ಉಸಿರು ಎಳ್ಕೋತೀಯ. ನೀರಿಗೆ ಧುಮುಕೋರ ಹಾಗೆ. ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ, ಯಾಕೆ ಅಂತ ಕೊನೆಗೆ ಹೇಳ್ತೀನಿ.

ಇಲ್ಲ ಅನ್ನೋದು ಸುಳ್ಳಾದರೆ ಇದೆ ಅಂತ ತಾನೇ? ಲೋಟವನ್ನ ಅವಳ ಕಡೆ ತಳ್ಳಿದೆ. ಅವಳು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಕೆಮ್ಮಿದಳು. ಪರವಾಗಿಲ್ಲ, ಜಾಣೆ ಅಂದಳು. ಕೈ ಮೇಜಿನ ಮೇಲೆ ಬಿತ್ತು.

ರೂಮು ಹಾರಿಹೋಗೋ ಹಾಗೆ ಕೂಗಿದರು ಎಲ್ಲಾ. ನಾನು ಗೆದ್ದಿದ್ದೆ! ನನ್ನ ಬೆನ್ನಿಗೆ ಬಿದ್ದ ಏಟು ಇನ್ನೂ ಉರೀತಿದೆ. ನನ್ನ ಕಿವಿಯಲ್ಲಿ ಮಾತ್ರ ಆ ಕೆಮ್ಮು. ಅದು ಆಕ್ಟಿಂಗ್ ಅಲ್ಲ. ಕಳೆದ ರಜೆಯಲ್ಲಿ ಬಾತ್‌ರೂಮಿನ ನಲ್ಲಿ ಜೋರಾಗಿ ತಿರುಗಿಸಿಕೊಂಡು ನೀನು ಕೆಮ್ತಿದ್ದೆಯಲ್ಲ, ಅದೇ ಕೆಮ್ಮು.

ನಿಲ್ಲಿಸಿಬಿಡಬೇಕಿತ್ತು. ಆದರೆ ಪಾಯಿಂಟು ಹೇಳಿದಳು, ಒಂದೂ ಸೋಲದೆ ಸಾಲಾಗಿ ಹತ್ತು ಸಲ ಗೆದ್ದರೆ ಕೊನೆಗೆ ಈ ಗೇಮ್ ಮಾಡಿದವರ ವಿವರ ಬರುತ್ತಂತೆ, ಇಲ್ಲಿವರೆಗೂ ಯಾರೂ ನೋಡೇ ಇಲ್ಲ ಅಂತ. ನನಗೆ ಗೊತ್ತಾಗಲೇಬೇಕಿತ್ತು, ನಿನ್ನ ಧ್ವನಿ ಕದ್ದವರು ಯಾರು ಅಂತ. ಹಾಗಾಗಿ ಆಡಿದೆ. ಉಸಿರು ಕೇಳೋದು, ತಳ್ಳೋದು. ಉಸಿರು ಕೇಳೋದು, ತಳ್ಳೋದು. ಹತ್ತು ಸಲ ಗೊತ್ತಿದ್ದೂ ಗೊತ್ತಿದ್ದೂ ವಿಷ ನಿನ್ನ ಮುಂದಕ್ಕೆ ತಳ್ಳಿದೆ. ಹತ್ತು ಸಲವೂ ನೀನು ಜಾಣೆ ಅಂದೆ. ಬೇಜಾರಿಲ್ಲದೆ ಅಂದೆ, ಅದೇ ತಡೆಯಲಾಗಲಿಲ್ಲ. ಏಳನೇ ಸಲಕ್ಕೆ ಕೈ ಬೆವೆತು ಮೌಸು ಜಾರಿತು. ಇವಳು ಮಾಟಗಾತಿ ಕಣ್ರೇ, ಇಂಟರ್ನಲ್ಸ್ ಪೇಪರ್ ಮೇಲೂ ಕಿವಿ ಇಟ್ಟು ಹೇಳಿಸಿಕೊಳ್ಳಿ ಅಂತ ಹಿಂದೆ ಯಾರೋ ತಮಾಷೆ ಮಾಡ್ತಿದ್ದರು.

ಹತ್ತಾದ ಮೇಲೆ ಕಪ್ಪು ಸ್ಕ್ರೀನು. ಮೂರು ಸಾಲು.

ಮಾಡಿದ್ದು: ಒಬ್ಬ ತಮ್ಮ.
ಧ್ವನಿ: ಅವನ ಅಕ್ಕ.
ಇದು ಅವಳ ಕೊನೆಯ ರೆಕಾರ್ಡಿಂಗ್.

ಕೊನೆಯ ಅಂದರೆ ಏನಮ್ಮಾ?

ಎಷ್ಟು ಸಲ ಓದಿದೆನೋ. ಮಾವ! ಯಾವಾಗ ನೋಡಿದರೂ ಮಹಡಿ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಊಟಕ್ಕೆ ಕರೆದರೆ ಹತ್ತು ನಿಮಿಷ ಅಂತ ಎರಡು ಗಂಟೆ ಮಾಡೋ ನಮ್ಮ ಮಾವ. ಕಳೆದ ರಜೆಯಲ್ಲಿ ಅವನ ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದು ನೋಡಿ ಇದೇನು ಅಂತ ಕೇಳಿದ್ದೆ. ಕೋಳಿ ಸಾಕ್ತಾನಂತೆ ನಿಮ್ಮ ಮಾವ, ಕೋಳಿಗೆ ಮನೆ ಅಭ್ಯಾಸ ಆಗಲಿ ಅಂತ ಅಂಟಿಸಿದ್ದಾನೆ ಅಂದೆ ನೀನು. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೆವು. ರೆಕಾರ್ಡ್ ಮಾಡುವಾಗ ಸದ್ದು ಗೋಡೆಗೆ ಬಡಿದು ಮೊಳಗದ ಹಾಗೆ ಅಂಟಿಸೋದು ಅದು. ನೀನು ಹೇಳೋ ಮುಂಚೆ ಉಸಿರು ಎಳ್ಕೊಂಡಿದ್ದೆ. ನಗುವಿನಲ್ಲಿ ನಾನು ಅದನ್ನ ಬಿಟ್ಟುಬಿಟ್ಟೆ.

ಆಮೇಲೆ ನನ್ನ ಫೋನ್ ತೆಗೆದೆ. ನೀನು ಕಳಿಸಿದ ವಾಯ್ಸ್ ಮೆಸೇಜುಗಳನ್ನ ಒಂದೊಂದೇ ಹಾಕಿದೆ. ಬಸ್ ಸ್ಟ್ಯಾಂಡಿಗೆ ಅನೌನ್ಸ್‌ಮೆಂಟ್ ಮಷಿನ್ ಬಂತು, ನನ್ನನ್ನ ಬಸ್ ಪಾಸ್ ಕೌಂಟರಿಗೆ ಹಾಕಿದಾರೆ, ಅಲ್ಲಿ ಗಲಾಟೆ, ಅದಕ್ಕೇ ಫೋನ್ ಎತ್ತಕ್ಕಾಗಲ್ಲ ಅಂತ ಎರಡು ತಿಂಗಳ ಹಿಂದೆ ಟೈಪ್ ಮಾಡಿದ್ದೆಯಲ್ಲ, ಅಲ್ಲಿಂದ ಈಚೆಯವು. ಎಂಟು ಇವೆ. ಊಟ ಆಯ್ತಾ, ನಾನು ಚೆನ್ನಾಗಿದ್ದೀನಿ, ಚೆನ್ನಾಗಿ ಓದು. ಹಿಂದೆ ಒಂದು ಚಮಚ ಬೀಳೋ ಸದ್ದು. ಮುಂದಿನ ವಾರದ್ದು, ನಾನು ಚೆನ್ನಾಗಿದ್ದೀನಿ, ಚಮಚ. ಅದರ ಮುಂದಿನದು, ಹುಷಾರು, ಬಟ್ಟೆ ಬೆಚ್ಚಗೆ ಹಾಕ್ಕೋ. ಆಮೇಲೆ ಮತ್ತೆ ನಾನು ಚೆನ್ನಾಗಿದ್ದೀನಿ. ಮತ್ತೆ ಚಮಚ.

ತಾರೀಖು ಬೇರೆ ಬೇರೆ, ಚಮಚ ಒಂದೇ.

ಮುಂಚೇನೇ ತುಂಬಿಟ್ಟಿದ್ದೀರಿ. ಉಪ್ಪಿನಕಾಯಿ ಜಾಡಿ ತುಂಬಿಡೋ ಹಾಗೆ ನಿನ್ನ ಮಾತು ತುಂಬಿಟ್ಟು, ವಾರಕ್ಕೊಂದು ತೆಗೆದು ಕಳಿಸ್ತಿದ್ದೀರಿ. ಅದನ್ನ ಕಳಿಸ್ತಿರೋದು ನೀನಾ, ಮಾವನಾ? ನನಗೆ ಹೇಗೆ ಗೊತ್ತಾಗಬೇಕು? ನಾನು ಚೆನ್ನಾಗಿದ್ದೀನಿ ಅನ್ನೋ ಮುಂಚೆ ಪ್ರತಿ ಸಲವೂ ಆ ಉಸಿರು ಇದೆ. ಎರಡು ತಿಂಗಳು ನಾನು ಅದನ್ನ ಮೆಸ್ಸಿನ ಕ್ಯೂನಲ್ಲಿ ನಿಂತು, ಅರ್ಧ ಕಿವಿಯಲ್ಲಿ ಕೇಳಿ, ಒಂದು ಹಾರ್ಟು ಒತ್ತಿ ಜೇಬಿಗೆ ಹಾಕ್ಕೊಂಡಿದ್ದೀನಿ. ಹೀಗಾದರೆ ಸತ್ತುಹೋದವರು ಕೂಡ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳಬಹುದು.

ಬರೆದುಬಿಟ್ಟೆ. ಹೊಡೆದು ಹಾಕಲ್ಲ, ಇರಲಿ.

ತಕ್ಷಣ ಫೋನ್ ಮಾಡಿದೆ. ನೀನು ಕಟ್ ಮಾಡಿದೆ. ಗಲಾಟೇಲಿದ್ದೀನಿ, ಆಮೇಲೆ ಅಂತ ಟೈಪ್ ಬಂತು. ಭಾನುವಾರ ಪಾಸ್ ಕೌಂಟರ್ ಮುಚ್ಚಿರುತ್ತೆ ಅಮ್ಮಾ. ಮಾವನಿಗೆ ಮಾಡಿದೆ, ಎತ್ತಲಿಲ್ಲ. ಹತ್ತು ನಿಮಿಷಕ್ಕೆ ನಿನ್ನ ನಂಬರಿನಿಂದ ವಾಯ್ಸ್ ಮೆಸೇಜ್ ಬಂತು. ತೆಗೆಯೋಕೆ ಕೈ ಬರಲಿಲ್ಲ. ಪಾಯಿಂಟು ತೆಗೆದಳು. ಚಮಚ ಬಿತ್ತು. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮೊದಲ ಸಲ ಅವಳ ಹತ್ತಿರ ಪಾಯಿಂಟೇ ಇರಲಿಲ್ಲ.

ಬಸ್ಸು ಹತ್ತಬೇಕು. ಆದರೆ ಇಲ್ಲಿನ ರೂಲು ನಿನಗೆ ಗೊತ್ತಲ್ಲ. ಫಸ್ಟ್ ಇಯರ್‌ನವರಿಗೆ ಗೇಟ್ ಪಾಸ್ ಬೇಕು ಅಂದರೆ ವಾರ್ಡನ್ ತಾವೇ ಅಪ್ಪನಿಗೋ ಅಮ್ಮನಿಗೋ ಫೋನ್ ಮಾಡಿ, ಧ್ವನಿ ಕೇಳಿಯೇ ಸಹಿ ಹಾಕೋದು. ಮೆಸೇಜು ನಡೆಯಲ್ಲ, ಮಾವ ಅತ್ತೆ ನಡೆಯಲ್ಲ. ಅಪ್ಪ ಇಲ್ಲದವಳಿಗೆ ಅಮ್ಮ ಒಬ್ಬಳೇ. ನಿನ್ನ ಧ್ವನಿ ಇದೆಯೋ ಇಲ್ಲವೋ ಅಂತ ನೋಡೋಕೆ ಬರಬೇಕು ಅಂದರೆ ಮೊದಲು ನಿನ್ನ ಧ್ವನಿ ಬೇಕು. ಹೇಗಿದೆ?

ಪಾಯಿಂಟು ಕಣ್ಣೊರೆಸಿಕೊಂಡು ಒಂದು ಐಡಿಯಾ ಹೇಳಿದಳು. ಪಾಯಿಂಟ್ ಏನಪ್ಪಾ ಅಂದ್ರೆ, ಗೇಮಿನಲ್ಲಿ ಆಂಟಿ ಹೂಂ ಅಂತಾರೆ, ಸರಿ ಅಂತಾರೆ. ಅಮ್ಮನ ನಂಬರ್ ಅಂತ ವಾರ್ಡನ್‌ಗೆ ನನ್ನ ನಂಬರ್ ಕೊಡು, ಈ ಕಡೆಯಿಂದ ಒಂದೊಂದೇ ಒತ್ತಿಬಿಡ್ತೀನಿ ಅಂದಳು. ಒಳ್ಳೇ ಐಡಿಯಾನೇ. ನಾನು ಐದು ನಿಮಿಷ ಒಪ್ಪಿಯೂ ಇದ್ದೆ. ಆಮೇಲೆ ಬೇಡ ಅನ್ನಿಸ್ತು. ನಿನ್ನ ಧ್ವನಿಯ ಕೈಲಿ ಈಗಾಗಲೇ ಬೇಕಾದಷ್ಟು ಸುಳ್ಳು ಹೇಳಿಸಿ ಆಗಿದೆ. ನನ್ನದೂ ಒಂದು ಯಾಕೆ?

ವಾರ್ಡನ್ ಆಫೀಸು ನಾಲ್ಕಕ್ಕೆ ತೆರೆಯುತ್ತೆ. ಅಲ್ಲಿವರೆಗೆ ಏನು ಮಾಡಬೇಕು ಅಂತ ತೋಚದೆ ಇದನ್ನ ಬರೀತಿದ್ದೀನಿ. ಮೇಡಂ ಪಾಸ್ ಕೊಡದಿದ್ದರೆ ಇದು ಪೋಸ್ಟಿನಲ್ಲಿ ಬರುತ್ತೆ.

ಕೊನೆಗೆ ಹೇಳ್ತೀನಿ ಅಂದೆನಲ್ಲ. ಪ್ರತಿ ರಜೆ ಮುಗಿದು ಹೊರಡೋ ದಿನ ಬೆಳಿಗ್ಗೆ ನಾವಿಬ್ಬರೂ ಆಡ್ತಿದ್ದ ಆಟ. ಅಡುಗೆಮನೆ ಕಟ್ಟೆ ಮೇಲೆ ಆರು ಲೋಟ ಬೋರಲು, ಒಂದರ ಕೆಳಗೆ ನಿನ್ನ ಹಳೇ ಕೋಟಿನ ಕಂದು ಬಟನ್. ಸರಿಯಾದ ಲೋಟ ಎತ್ತಿದರೆ ಇನ್ನೊಂದು ದಿನ ಇರಬಹುದು, ತಪ್ಪಿದರೆ ಬ್ಯಾಗು ಎತ್ತಬೇಕು. ಇದರಲ್ಲಿ ಇದೆಯಾ ಅಂತ ಕೇಳ್ತಿದ್ದೆ. ನೀನು ಇದೆ ಅಂತಿದ್ದೆ, ಇಲ್ಲ ಅಂತಿದ್ದೆ. ಮಾವ ಬಾಗಿಲಿಗೆ ಒರಗಿಕೊಂಡು ನೋಡ್ತಿದ್ದ. ಅಲ್ಲಿಂದಲೇ ಎತ್ತಿಕೊಂಡಿದ್ದಾನೆ ಈ ಗೇಮನ್ನ, ಬಟನ್ ಬದಲು ವಿಷ ಇಟ್ಟು. ನಿಜದ ಉತ್ತರ ಬೇರೆ, ಸುಳ್ಳಿನ ಉತ್ತರ ಬೇರೆ ಹೇಳಿಸಿ ರೆಕಾರ್ಡ್ ಮಾಡಿದ್ದಾನೆ ಅನ್ಸುತ್ತೆ. ಪಾಪ, ಆ ಉಸಿರಿನ ವಿಷಯ ಅವನಿಗೂ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಕತ್ತರಿಸಿ ಬಿಸಾಕಿರೋನು.

ನನಗೆ ಒಂಬತ್ತನೇ ವಯಸ್ಸಿನಿಂದ ಗೊತ್ತು. ಬಟನ್ ಎಲ್ಲಿದೆ ಅಂತ ಪ್ರತಿ ಸಲವೂ ಗೊತ್ತಿತ್ತು. ಬೇಕು ಬೇಕು ಅಂತಲೇ ತಪ್ಪು ಲೋಟ ಎತ್ತಿದೆ. ಒಂದು ದಿನ ಹೆಚ್ಚು ಉಳಿದರೆ ನೀನು ಬಸ್ ಸ್ಟ್ಯಾಂಡಿನ ಆ ಕಂಟ್ರೋಲರ್ ಮುಂದೆ ನಿಂತು ರಜೆ ಕೇಳಬೇಕಲ್ಲ, ಅವನು ಮುಖ ಎತ್ತದೆ ಮಾತಾಡೋದನ್ನ ನಾನು ಒಂದು ಸಲ ನೋಡಿದ್ದೆ. ಅದಕ್ಕೇ ಸೋಲ್ತಿದ್ದೆ. ನೀನು ನನ್ನಿಂದ ಮುಚ್ಚಿಟ್ಟೆ ಅಂತ ಸಿಟ್ಟು ಮಾಡಿಕೊಳ್ಳೋಕೆ ಹೊರಟರೆ, ಈ ಬುದ್ಧಿ ನನಗೆ ಎಲ್ಲಿಂದ ಬಂತು ಅಂತ ನಾನೇ ಯೋಚನೆ ಮಾಡಬೇಕಾಗುತ್ತೆ.

ನೀನು ಇರು. ಬೇರೇನೂ ಬೇಡ. ಮಾತಾಡದಿದ್ದರೂ ಪರವಾಗಿಲ್ಲ, ಬೈಯದಿದ್ದರೂ ಪರವಾಗಿಲ್ಲ. ಇರು.

ನಿನ್ನ
ಪುಕ್ಕಲಿ

ಆಮೇಲೆ ಸೇರಿಸಿದ್ದು: ಸಂಜೆ ಐದೂಕಾಲು. ಈ ಪತ್ರ ಪೋಸ್ಟ್ ಮಾಡ್ತಿಲ್ಲ.

ಮೇಡಂ ಎಂದಿನ ಹಾಗೆ, ಅಮ್ಮನ ಕೈಲಿ ಒಂದು ಮಾತು ಆಡಿಸಮ್ಮ, ಆಮೇಲೆ ಪಾಸು ಅಂದರು. ನಮ್ಮಮ್ಮನಿಗೆ ಮಾತು ಬರಲ್ಲ ಮೇಡಂ ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು, ಕುರ್ಚಿ ಎಳೆದು ಕೂರಿಸಿದರು, ಆಫೀಸ್ ಫೋನಿನಿಂದ ನಿನ್ನ ನಂಬರ್ ಒತ್ತಿ ಸ್ಪೀಕರ್ ಹಾಕಿದರು. ಹೊಸ ನಂಬರ್ ಅಂತ ಮಾವ ಎತ್ತಿಬಿಟ್ಟ. ನನ್ನ ದನಿ ಕೇಳಿದ ಮೇಲೆ ಎಲ್ಲಾ ಹೇಳಿದ. ಗಂಟಲಿನ ಗಡ್ಡೆ ಅಂತ, ಧ್ವನಿಪೆಟ್ಟಿಗೆ ತೆಗೆದು ಎರಡು ತಿಂಗಳಾಯ್ತು ಅಂತ, ಜೀವ ಉಳಿಯೋದು ಬಿಡೋದು ಈಗಲೇ ಹೇಳೋಕಾಗಲ್ಲ ಅಂತ ಆಪರೇಷನ್ನಿಗೆ ಮುಂಚೆ ಡಾಕ್ಟರು ಅಂದಿದ್ದಕ್ಕೆ ನೀನು, ನೋಡೇ ಬಿಡೋಣ, ಎತ್ತು ಲೋಟ ಅಂದೆಯಂತೆ. ಇವಳಿಗೆ ಇಂಟರ್ನಲ್ಸ್ ಮುಗಿಯೋವರೆಗೂ ಹೇಳಬೇಡ ಅಂದೆಯಂತೆ. ನನ್ನ ಧ್ವನಿ ಹೋದರೂ ಎಲ್ಲೋ ಒಂದು ಕಡೆ ಮಾತಾಡ್ತಾ ಇರಲಿ, ಗೇಮಿನಲ್ಲಿ ಹಾಕು ಅಂತ ನೀನೇ ಅಂದೆಯಂತೆ.

ಅಕ್ಕ ಇಲ್ಲೇ ಇದ್ದಾಳೆ ಅಂದ. ನಾನು ನಂಬಲಿಲ್ಲ. ಮೇಡಂ ಫೋನಿಗೆ ಬಗ್ಗಿ, ಅಮ್ಮ ಆಗಿದ್ದರೆ ಹೌದು ಅನ್ನೋದಕ್ಕೆ ಒಂದು ಸಲ ತಟ್ಟಿ, ಇಲ್ಲ ಅನ್ನೋದಕ್ಕೆ ಎರಡು ಸಲ ಅಂದರು. ಅಮ್ಮಾ, ಚೆನ್ನಾಗಿದ್ದೀಯಾ ಅಂತ ನಾನು ಕೇಳಿದೆ.

ಮೊದಲು ಉಸಿರು. ಈ ಸಲ ಮೂಗಿನದಲ್ಲ, ಇನ್ನೂ ಕೆಳಗಿನಿಂದ ಎಲ್ಲಿಂದಲೋ, ಸ್ವಲ್ಪ ಒರಟಾಗಿ. ಆದರೆ ಅದೇ ಉಸಿರು, ಧುಮುಕೋ ಮುಂಚಿನದು. ಆಮೇಲೆ ಒಂದು ಸಲ ತಟ್ಟಿದೆ.

ಸುಳ್ಳಿ! ನಾನು ಜೋರಾಗಿ ಅತ್ತೆ. ಮೇಡಂ ಗಾಬರಿಯಾದರು, ಚೆನ್ನಾಗಿದ್ದಾರಂತಲ್ಲಮ್ಮಾ, ಯಾಕೆ ಅಳ್ತೀಯ ಅಂದರು. ಸುಳ್ಳು ಹೇಳ್ತಿದ್ದಾರೆ ಮೇಡಂ, ನಮ್ಮಮ್ಮನೇ ಅಂದೆ. ಅವರು ಪಾಸಿನಲ್ಲಿ ‘ಪೋಷಕರೊಂದಿಗೆ ಮಾತನಾಡಲಾಗಿದೆ’ ಅನ್ನೋ ಸಾಲಿನ ಮುಂದೆ ಸಹಿ ಹಾಕಿದರು.

ಆರು ಗಂಟೆ ಬಸ್ಸು. ಈ ಪತ್ರ ನಾನೇ ತರ್ತಿದ್ದೀನಿ. ಲೋಟ ತೊಳೆದು ಬೋರಲು ಹಾಕಿಡು, ಬಟನ್ ಹುಡುಕಿಟ್ಟಿರು. ಈ ಸಲ ಸರಿಯಾದ ಲೋಟವನ್ನೇ ಎತ್ತುತ್ತೀನಿ.